‘ನಮ್ಮ ಬಗ್ಗೆ’ ಪುಟ

ವೈಷ್ಣವಿ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವಳು. ಗಂಡ ಶರಣ್‌ಗೆ ನೆದರ್‌ಲೆಂಡ್ಸಿನಲ್ಲಿ ಕೆಲಸ ಸಿಕ್ಕಿ, ಮಗಳು ಸ್ವಪ್ನಾಳೊಂದಿಗೆ ನ್ಯೂವೆಗೈನ್‌ಗೆ ಬಂದ ಮೇಲೆ ಅವಳಿಗೆ ಮತ್ತೆ ಕೆಲಸವೆಂಬುದು ಸಿಗಲಿಲ್ಲ. ಡಚ್ ಬರುವುದಿಲ್ಲವೆಂದು ಕೆಲವರು, ನಡುವೆ ಬಿಡುವು ಬಹಳವಾಯಿತೆಂದು ಇನ್ನು ಕೆಲವರು ಬೇಡವೆಂದರು. ಕನ್ನಡದವರು ಸೇರಿದ ಕಡೆ ಯಾರಾದರೂ “ನೀವೇನು ಮಾಡ್ಕೊಂಡಿದ್ದೀರಾ?” ಎಂದರೆ “ಸದ್ಯಕ್ಕೆ ಮನೇಲೇ ಇದೀನಿ” ಎನ್ನುತ್ತಿದ್ದಳು. ಆ ‘ಸದ್ಯಕ್ಕೆ’ ಎಂಬ ಮಾತಿಗೆ ವರ್ಷಗಳು ತುಂಬಿದ್ದವು. ಹೇಳುವಾಗಲೆಲ್ಲ ನಾಲಿಗೆ ಸಣ್ಣಗೆ ತಡವರಿಸುತ್ತಿತ್ತು.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಶಾಲೆ, ಕಚೇರಿ ಎಲ್ಲ ಮುಚ್ಚಿದವು. ಊರಿನ ನಗರಸಭೆಯ ನೆರವಿನಿಂದ ನಡೆಯುತ್ತಿದ್ದ ಒಂದು ತರಬೇತಿ ಆಗ ಆನ್‌ಲೈನ್‌ಗೆ ಬಂತು. ವೆಬ್‌ಸೈಟಿಗೆ ರೂಪ ಕೊಡುವುದು, ಅದನ್ನು ಕಟ್ಟುವುದು, ಇಂಟರ್ನೆಟ್ಟಿನಲ್ಲಿ ಅದರ ಪ್ರಚಾರ ಮಾಡುವುದು, ಈ ಮೂರರ ಮೊದಲ ಪಾಠಗಳು. ಇಂಗ್ಲಿಷಿನಲ್ಲೇ ಕಲಿಸುತ್ತಾರೆಂದು ತಿಳಿದು ವೈಷ್ಣವಿ ಸೇರಿಕೊಂಡಳು. ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ, ಪರದೆಯ ಚೌಕಗಳಲ್ಲಿ ಕೆಲಸ ಕಳೆದುಕೊಂಡ ಗಗನಸಖಿ, ಅಂಗಡಿ ಮುಚ್ಚಿದ ಹೂವಿನವ, ಇನ್ನೂ ಕೆಲವರು. ಮರೈಕೆ ಎಂಬ ಐವತ್ತರ ಹೆಂಗಸು ಕಲಿಸುತ್ತಿದ್ದಳು. ಶೀರ್ಷಿಕೆ ಎಷ್ಟು ದಪ್ಪವಿರಬೇಕು, ಅಕ್ಷರಗಳ ಸುತ್ತ ಎಷ್ಟು ಖಾಲಿ ಜಾಗ ಬಿಡಬೇಕು, ‘ಈಗಲೇ ಆರ್ಡರ್ ಮಾಡಿ’ ಎಂಬ ಗುಂಡಿ ಪುಟದಲ್ಲಿ ಎಲ್ಲಿದ್ದರೆ ಜನ ಒತ್ತುತ್ತಾರೆ ಎಂಬುದನ್ನೆಲ್ಲ ವೈಷ್ಣವಿ ಹೊಸದಾಗಿ ಶಾಲೆಗೆ ಸೇರಿದ ಮಗುವಿನ ಹಾಗೆ ಕಲಿತಳು.

ಮನೆಯಲ್ಲಿ ಆಗ ಅತ್ತೆ ಮಹಾದೇವಕ್ಕ ಇದ್ದರು. ಮೂರು ತಿಂಗಳ ಮಟ್ಟಿಗೆಂದು ಫೆಬ್ರವರಿಯಲ್ಲಿ ಬಂದವರು ವಿಮಾನ ನಿಂತು ಇಲ್ಲೇ ಉಳಿದಿದ್ದರು. ಮಾವ ನಾಗಪ್ಪನವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ವಿಮಾನವೆಂದರೆ ಹೆದರಿಕೆಯೆಂದು ಬರದೆ ವಿಜಯಪುರದಲ್ಲಿ ಮಗಳ ಮನೆಯಲ್ಲಿದ್ದರು. ದಿನಾ ಸಂಜೆ ವಿಡಿಯೋ ಕಾಲ್. “ಚಳಿ ಹೋತೇನು ಅಲ್ಲಿ?” “ಗುಳಿಗಿ ತಗೊಂಡ್ರೇನ್ರಿ?” ಗಂಡಹೆಂಡಿರ ಮಾತು ಅಷ್ಟೇ, ಆದರೆ ಒಂದು ದಿನವೂ ತಪ್ಪುತ್ತಿರಲಿಲ್ಲ.

ಕೋರ್ಸಿನ ಕೊನೆಗೆ ಎಲ್ಲರೂ ಒಂದು ನಿಜವಾದ ವೆಬ್‌ಸೈಟ್ ಮಾಡಿ, ಸಣ್ಣದೊಂದು ಜಾಹೀರಾತು ಹಾಕಿ, ಎಷ್ಟು ಜನ ಬಂದರೆಂದು ತೋರಿಸಬೇಕಿತ್ತು. ವೈಷ್ಣವಿಯ ಕಣ್ಣಿಗೆ ಬಿದ್ದದ್ದು ಅತ್ತೆಯ ಚಟ್ನಿಪುಡಿ. ಶೇಂಗಾದ್ದು, ಅಗಸೆಯದ್ದು, ಗುರೆಳ್ಳಿನದ್ದು. ಅಗಸೆ ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತದೆಂದು ತಿಳಿದ ದಿನದಿಂದ ಮಹಾದೇವಕ್ಕ ಹುರಿಯುವುದು ನಿಲ್ಲಿಸಿರಲಿಲ್ಲ.

“ಅತ್ತೀ, ಕ್ಲಾಸಿಗೆ ಒಂದ ಫೋಟೋ ಬೇಕರಿ, ನಿಮ್ಮದು,” ಎಂದಳು.

“ನಂದ್ಯಾಕವಾ?” ಎಂದರೂ ಮಹಾದೇವಕ್ಕ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು, ಹಣೆಗೆ ಹೊಸದಾಗಿ ಕುಂಕುಮ ಇಟ್ಟುಕೊಂಡು ಬಂದರು.

ಮೊದಲ ಪುಟದಲ್ಲಿ ವೈಷ್ಣವಿ ಇದ್ದದ್ದನ್ನೇ ಬರೆದಳು. ಇವರು ನನ್ನ ಅತ್ತೆ, ಇದು ಅವರ ಮನೆಯ ಚಟ್ನಿಪುಡಿ, ಹೀಗೆ ಮಾಡುತ್ತಾರೆ. ಜಾಹೀರಾತು ನೋಡಿದವರಲ್ಲಿ ಬೆರಳೆಣಿಕೆಯ ಮಂದಿ ಒಳಗೆ ಬಂದರು. ಕೊಂಡವರು ಯಾರೂ ಇಲ್ಲ. ಮರೈಕೆ ತರಗತಿಯಲ್ಲಿ ಎಲ್ಲರಿಗೂ ಹೇಳುವ ಹಾಗೆ, “ಚೆನ್ನಾಗಿದೆ, ಆದರೆ ನಾನು ಯಾಕೆ ಇವರಿಂದಲೇ ಕೊಳ್ಳಬೇಕು? ‘ನಮ್ಮ ಬಗ್ಗೆ’ ಪುಟದಲ್ಲಿ ಒಂದು ಕಥೆ ಬೇಕು. ಜನರ ಎದೆಗೆ ತಾಕಬೇಕು,” ಎಂದಳು. ಎರಡು ಬಗೆಯಲ್ಲಿ ಬರೆದು, ಅರ್ಧ ಜನರಿಗೆ ಒಂದು, ಅರ್ಧ ಜನರಿಗೆ ಇನ್ನೊಂದು ತೋರಿಸಿ ಹೋಲಿಸುವುದನ್ನೂ ಹೇಳಿಕೊಟ್ಟಳು. ಸಂಖ್ಯೆಗಳ ಆಟ ವೈಷ್ಣವಿಗೆ ಹಳೆಯ ಪರಿಚಯ. ಇಷ್ಟು ವರ್ಷದ ನಂತರ ತನಗೆ ಬರುವ ವಿಷಯವೊಂದು ಎದುರಾಯಿತೆಂಬ ಹುರುಪಿನಲ್ಲಿ ಅವಳು ಎರಡನೆಯ ಪುಟ ಬರೆಯಲು ಕೂತಳು.

ಅದರಲ್ಲಿ ಮಹಾದೇವಕ್ಕ ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದರು. ಒರಳಿನಲ್ಲಿ ಚಟ್ನಿ ಕುಟ್ಟಿ, ಬುಟ್ಟಿಯಲ್ಲಿ ಹೊತ್ತು, ಸಂತೆಯಲ್ಲಿ ಮಾರಿ ಇಬ್ಬರು ಮಕ್ಕಳನ್ನು ಓದಿಸಿದ್ದರು. ಈಗ ದೂರದ ಈ ದೇಶದಲ್ಲಿ ಅದೇ ಕೈಗಳು ನಿಮಗಾಗಿ ಕುಟ್ಟುತ್ತಿವೆ, ಎಂದು ಮುಗಿಯುತ್ತಿತ್ತು. ಬರೆದು ನೋಡಿದರೆ ಫೋಟೋದಲ್ಲಿನ ಕುಂಕುಮ ಕಥೆಗೆ ಹೊಂದಲಿಲ್ಲ. ಹಿಂದಿನ ವಾರವಷ್ಟೇ ಫೋಟೋ ತಿದ್ದುವುದನ್ನು ಕಲಿಸಿದ್ದರು. ಮೌಸ್ ಹಿಡಿದು ಹಣೆಯ ಮೇಲೆ ನಾಲ್ಕು ಸಲ ಒರೆಸಿದಳು. ಕೊರಳ ಕಡೆ ಫೋಟೋವನ್ನೇ ಕತ್ತರಿಸಿದಳು.

ಕಂಪ್ಯೂಟರ್ ಡಚ್ಚಿಗೆ ಅನುವಾದಿಸಿ ಕೊಟ್ಟ ಪಠ್ಯ ಸರಿಯಿದೆಯೇ ನೋಡೆಂದು ಒಂಬತ್ತರ ಸ್ವಪ್ನಾಳನ್ನು ಕೂರಿಸಿಕೊಂಡಾಗ ಅವಳು ಓದಿ ತಲೆ ಎತ್ತಿ, “ಮಾರ್ ಓಪಾ ಇಸ್ ನೀಟ್ ಡೋಟ್,” ಎಂದಳು. ಆದರೆ ಅಜ್ಜ ಸತ್ತಿಲ್ಲವಲ್ಲ.

“ಇದು ಬರೀ ಹೋಮ್‌ವರ್ಕ್ ಪುಟ್ಟಾ, ಸುಮ್ಮನೆ ಕತಿ. ಅಜ್ಜಿಗೆ ಹೇಳಬ್ಯಾಡ,” ಎಂದಳು ವೈಷ್ಣವಿ. ಸುಮ್ಮನೆ ಕಥೆಯಾದರೆ ಅಜ್ಜಿಗೆ ಯಾಕೆ ಹೇಳಬಾರದು ಎಂದು ಮಗು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ.

ಎರಡನೆಯ ಪುಟಕ್ಕೆ ಜನ ಮುಗಿಬಿದ್ದರು. ಉಟ್ರೆಕ್ಟ್‌ನಿಂದ, ಲೈಡನ್‌ನಿಂದ ಆರ್ಡರ್ ಬಂದವು. ಡಚ್ಚರೂ ಕೇಳಿದರು. ಮರೈಕೆ ತರಗತಿಯಲ್ಲಿ ಆ ಪುಟವನ್ನು ಎಲ್ಲರಿಗೂ ತೋರಿಸಿ, “ನೋಡಿ, ಹೀಗಿರಬೇಕು,” ಎಂದಾಗ ವೈಷ್ಣವಿಯ ಮುಖ ಬೆಚ್ಚಗಾಯಿತು. ಅಂಥ ಮಾತು ಕೇಳಿ ಎಷ್ಟು ಕಾಲವಾಗಿತ್ತು! “ಇಲ್ಲಿ ಇಷ್ಟೊಂದ ಮಂದಿಗೆ ನನ್ನ ಚಟ್ನಿ ಸೇರತದೇನು?” ಎಂದು ಮಹಾದೇವಕ್ಕನೂ ಹಿಗ್ಗಿದರು. ಮೊದಲಿಗಿಂತ ಹದವಾಗಿ ಹುರಿದು, ಪೊಟ್ಟಣಗಳನ್ನು ತಾವೇ ಕಟ್ಟಿದರು.

ಮೇ ತಿಂಗಳ ಒಂದು ಮಧ್ಯಾಹ್ನ ತರಗತಿ ನಡೆಯುತ್ತಿರುವಾಗ ಕೆಳಗೆ ಕರೆಗಂಟೆಯ ಸದ್ದಾಯಿತು. ಚಟ್ನಿಪುಡಿ ಒಯ್ಯುವವರು ಶನಿವಾರ ಬರುತ್ತಿದ್ದರು, ವೈಷ್ಣವಿ ತಾನೇ ಬಾಗಿಲಲ್ಲಿ ಕೊಟ್ಟು ಕಳಿಸುತ್ತಿದ್ದಳು. ಅಂದು ಶನಿವಾರವಲ್ಲ. ಅತ್ತೆ ಬಾಗಿಲು ತೆರೆದ ಸದ್ದು, ಆಮೇಲೆ ಕನ್ನಡದ ಮಾತು ಕೇಳಿಸಿತು. ಮೈಕ್ ಬಂದ್ ಮಾಡಿ ಮೆಟ್ಟಿಲ ತನಕ ಓಡಿದವಳು ಅರ್ಧ ಇಳಿದು ನಿಂತುಬಿಟ್ಟಳು. ಅತ್ತೆಯ ಬೆನ್ನು ಕಾಣುತ್ತಿತ್ತು. ಬಾಗಿಲಾಚೆ ದೂರದಲ್ಲಿ ಮಾಸ್ಕ್ ಹಾಕಿದ, ಮೂವತ್ತೈದರ ಆಸುಪಾಸಿನ ಹೆಂಗಸು.

“ನಾನು ರುಕ್ಮಿಣಿ ಅಂತ, ಆಮ್ಸ್ಟೆಲ್‌ವೀನ್‌ನಿಂದ. ಚಟ್ನಿಪುಡಿಗೆ ಆರ್ಡರ್ ಮಾಡಿದ್ದೆ. ಇಲ್ಲೇ ಹತ್ತಿರ ಕೆಲಸ ಇತ್ತು, ಹಾಗೆ ಇವತ್ತೇ ಬಂದೆ. ಆ ಫೋಟೋದಲ್ಲಿ ಇರುವುದು ನೀವೇ ಅಲ್ವಾ ಅಮ್ಮ?”

“ಹೌದವಾ, ನಾನ,” ಎಂದರು ಮಹಾದೇವಕ್ಕ ಸಂಕೋಚದಿಂದ.

“ನಿಜ ಹೇಳ್ಬೇಕಂದ್ರೆ ಚಟ್ನಿಪುಡಿಗಲ್ಲ, ನಿಮ್ಮನ್ನು ನೋಡ್ಲಿಕ್ಕೆ ಬಂದದ್ದು. ನಿಮ್ಮ ಕತೆ ಓದಿ ಅತ್ತುಬಿಟ್ಟೆ.”

“ನನ್ನ ಕತಿ?”

“ಯಜಮಾನರು ಅಷ್ಟು ಸಣ್ಣ ಪ್ರಾಯದಲ್ಲಿ ತೀರಿಹೋದದ್ದು, ನೀವು ಒಬ್ಬರೇ ಮಕ್ಕಳನ್ನು ಸಾಕಿದ್ದು, ಎಲ್ಲ ಓದಿದೆ.”

ಮೆಟ್ಟಿಲ ಮೇಲೆ ವೈಷ್ಣವಿ ಕಟಾಂಜನ ಹಿಡಿದುಕೊಂಡಳು.

ರುಕ್ಮಿಣಿಯ ದನಿ ಒಡೆಯಿತು. “ನನ್ನ ಅಪ್ಪ ಏಪ್ರಿಲ್‌ನಲ್ಲಿ ಹೋದ್ರು ಅಮ್ಮ. ಉಡುಪಿಯಲ್ಲಿ. ವಿಮಾನ ಇಲ್ಲ, ಹೋಗ್ಲಿಕ್ಕೆ ಆಗ್ಲಿಲ್ಲ. ಫೋನಿನಲ್ಲೇ ನೋಡಿದ್ದು. ಈಗ ಅಮ್ಮ ಸರಿಯಾಗಿ ಊಟ ಮಾಡುದಿಲ್ಲ, ಯಾರ ಹತ್ರವೂ ಮಾತಾಡುದಿಲ್ಲ. ನಾನು ಅವರಿಗೆ ಎಂತ ಹೇಳ್ಬೇಕು? ನಿಮಗೆ ಗೊತ್ತಿರ್ತದೆ.”

ಮಹಾದೇವಕ್ಕ ಹೊಸಿಲ ತನಕ ಮುಂದೆ ಬಂದರು. “ಏನೂ ಹೇಳಬ್ಯಾಡ ತಂಗಿ. ಧೈರ್ಯ ತಗೋ ಅಂತ ಹೇಳಾಕ ಊರ ತುಂಬ ಮಂದಿ ಇರತಾರ. ನೀ ದಿನಾ ಫೋನ್ ಹಚ್ಚಿ, ಇವತ್ತ ಏನ ಅಡಿಗಿ ಮಾಡ್ಲಿ, ಹೆಂಗ ಮಾಡ್ಲಿ ಅಂತ ಆಕಿನ್ನ ಕೇಳು. ಬೈದರೂ ಕೇಳು.”

ರುಕ್ಮಿಣಿ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. “ನೀವು ಕುಂಕುಮ ಇಟ್ಕೊಂಡಿದ್ದೀರಿ. ಅದು ನೋಡಿ ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತುಂಟಾ? ನನ್ನ ಅಮ್ಮ ಅಳಿಸಿಬಿಟ್ಟಿದ್ದಾರೆ. ನಿಮ್ಮ ವಿಷಯ ಹೇಳಿ, ಅವರಿಗೂ ಇಟ್ಕೊಳ್ಳಿ ಅಂತೇನೆ.”

ಆಗ ಮಹಾದೇವಕ್ಕನ ಕೈ ಮೆಲ್ಲಗೆ ಮೇಲೆದ್ದಿತು. ಸೆರಗನ್ನು ಎಳೆದು ಕೊರಳು ಮುಚ್ಚುವಂತೆ ಹೊದ್ದುಕೊಂಡರು. ತಾಳಿ ಮುಚ್ಚಿಕೊಳ್ಳುತ್ತಿದ್ದಾರೆಂದು ವೈಷ್ಣವಿಗೆ ಹಿಂದಿನಿಂದಲೇ ತಿಳಿಯಿತು. ಇನ್ನು ಕೆಲವೇ ಮೆಟ್ಟಿಲು. ಇಳಿದು ಬಾಗಿಲಿಗೆ ಹೋಗಿ, ಅದೆಲ್ಲ ಸುಳ್ಳು, ಬರೆದದ್ದು ನಾನು ಎಂದರೆ ಮುಗಿಯುತ್ತಿತ್ತು. ಅವಳು ಇಳಿಯಲಿಲ್ಲ. ಅತ್ತೆ ಪೊಟ್ಟಣ ಕೊಟ್ಟರು, ಬಾಗಿಲು ಮುಚ್ಚಿತು. ತಿರುಗಿದ ಮಹಾದೇವಕ್ಕ ಮೆಟ್ಟಿಲ ಮೇಲಿದ್ದ ಸೊಸೆಯನ್ನು ನೋಡಿದರು. ನೋಡಿ, ಅಡಿಗೆಮನೆಗೆ ಹೋದರು.

ವೈಷ್ಣವಿ ಹಿಂದೆಯೇ ಹೋದಳು. ಒಲೆಯ ಮೇಲೆ ಶೇಂಗಾ ಹುರಿಯುತ್ತಿತ್ತು. ಮಹಾದೇವಕ್ಕ ಒಲೆ ಆರಿಸಿ ಕುರ್ಚಿಯಲ್ಲಿ ಕೂತರು.

“ಏನ ಬರದೀ? ತಂದು ಓದು. ಕನ್ನಡದಾಗ ಹೇಳು.”

ವೈಷ್ಣವಿ ಫೋನಿನಲ್ಲಿ ಪುಟ ತೆರೆದು ಓದತೊಡಗಿದಳು. ಊರಿನ ಹೆಸರು, ಒರಳು, ಸಂತೆ. ಗಂಡನ ಸಾಲು ಬಂದಾಗ ಅದನ್ನು ದಾಟಿ ಮುಂದಕ್ಕೆ ಹೋದಳು.

“ಆ ತಂಗಿ ಯಜಮಾನರು ಅಂದ್ಲಲ್ಲ. ಅದೆಲ್ಲಿ?”

ಮತ್ತೆ ಮೇಲಿನಿಂದ ಓದಬೇಕಾಯಿತು. ಇಂಗ್ಲಿಷಿನಲ್ಲಿ ಸಲೀಸಾಗಿ ಬರೆದದ್ದು ಕನ್ನಡದಲ್ಲಿ ಬಾಯಿಗೆ ಬರಲಿಲ್ಲ. ‘ಗಂಡ ಸತ್ತ ಮೇಲೆ’ ಎಂದು ಅತ್ತೆಯ ಎದುರು ಅವರ ಬಗ್ಗೆಯೇ ಹೇಳುವಾಗ ಅವಳು ಫೋನಿನಿಂದ ಕಣ್ಣೆತ್ತಲಿಲ್ಲ.

ಮಹಾದೇವಕ್ಕ ಫೋನ್ ಇಸಿದುಕೊಂಡು ಫೋಟೋ ನೋಡಿದರು. ಬೆರಳಿನಿಂದ ದೊಡ್ಡದು ಮಾಡಿದರು. “ನನ್ನ ಹಣಿ ಮ್ಯಾಲಿಂದ ಎಲ್ಲಿ ಹೋತು?”

“ತಗದೇನ್ರಿ.”

“ಎದರ್ಲೆ ತಗದಿ?”

“ಕಂಪ್ಯೂಟರ್‌ನಾಗ ಬರತದರಿ. ಹಿಂಗ ಒರಸಿದರ ಹೋಗತದ.”

ಮಹಾದೇವಕ್ಕ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. “ನಿಮ್ಮ ಮಾವ ನಿನಗ ಏನ ಮಾಡಿದ್ರವಾ?”

“ಅತ್ತೀ, ಬರೀ ಕ್ಲಾಸಿಗಂತ ಮಾಡಿದ್ದರಿ. ನಾ ಹಂಗ ವಿಚಾರ ಮಾಡಲಿಲ್ಲ...”

“ನಾ ಎಂದೂ ಸಂತ್ಯಾಗ ಕುಂತಾಕಿ ಅಲ್ಲ. ಕುಂತಿದ್ದರೂ ನಾಚಿಕಿ ಇರಲಿಲ್ಲ, ಅದು ದುಡದ ತಿನ್ನೂದು. ಆದರ ಇರೋ ಮನಶ್ಯಾನ್ನ ಸಾಯಿಸಿ ಮಂದಿ ಮುಂದ ಅಳಬಾರದು.” ಅವರ ದನಿ ಏರಲಿಲ್ಲ. “ಇವತ್ತ ನನ್ನ ಬಾಯಿಂದನೂ ಸುಳ್ಳ ಆಡಿಸಿದಿ. ಆ ಹುಡುಗಿ ಅಪ್ಪನ್ನ ಕಳಕೊಂಡು ಬಂದು ನಿಂತಿತ್ತು. ಆಕಿ ಮುಂದ, ಇಲ್ಲವಾ, ನನ್ನ ಗಂಡ ಗಟ್ಟಿಮುಟ್ಟ ಅದಾನ ಅಂತ ಹೆಂಗ ಹೇಳ್ಲಿ?”

ಅಂದು ಸಂಜೆ ವಿಡಿಯೋ ಕಾಲಿನಲ್ಲಿ ಮಹಾದೇವಕ್ಕ ಜ್ವರ ಬಂದದೇನು, ಕೆಮ್ಮು ಅದ ಏನು, ಹೊರಗ ಹೋಗಿದ್ರೇನು ಎಂದು ಗಂಡನನ್ನು ಮತ್ತೆ ಮತ್ತೆ ಕೇಳಿದರು. “ಇವತ್ತ ಅವ್ವಗ ಏನಾಗೇದ?” ಎಂದು ಶರಣ್ ನಕ್ಕ. ವೈಷ್ಣವಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಪುಟವನ್ನು ಅವಳು ಅಂದೇ ತೆಗೆದುಹಾಕಿದ್ದಳು. ಮುಂದಿನ ತರಗತಿಯಲ್ಲಿ ಮರೈಕೆ, “ನಿನ್ನ ಸೈಟ್ ತೆರೆಯುತ್ತಿಲ್ಲವಲ್ಲ, ಪರವಾಗಿಲ್ಲ, ನನ್ನ ಬಳಿ ಚಿತ್ರವಿದೆ,” ಎಂದು ಅದನ್ನೇ ಪರದೆಗೆ ತಂದಳು. ಕುಂಕುಮವಿಲ್ಲದ ಆ ಮುಖ ಎಲ್ಲರ ಮನೆಗಳಲ್ಲೂ ಮೂಡಿತು. ವೈಷ್ಣವಿ ಮೈಕ್ ತೆರೆದು, “ದಯವಿಟ್ಟು ತೆಗೆಯಿರಿ. ಆ ಕಥೆ ನಿಜವಲ್ಲ. ಅವರ ಗಂಡ ಬದುಕಿದ್ದಾರೆ,” ಎಂದಳು. ಮರೈಕೆ ಚಿತ್ರ ಮುಚ್ಚಿ, “ನಿಜವೇ ಎಂದು ನಾನು ಕೇಳಬೇಕಿತ್ತು,” ಎಂದಷ್ಟೇ ಹೇಳಿ ಮುಂದಿನವರನ್ನು ಕರೆದಳು. ಗಗನಸಖಿಯಾಗಿದ್ದ ಹುಡುಗಿ ಖಾಸಗಿಯಾಗಿ ಒಂದು ಸಾಲು ಕಳಿಸಿದಳು: ನನ್ನದೂ ಅರ್ಧ ಸುಳ್ಳೇ, ಯೋಚಿಸಬೇಡ. ಅದನ್ನು ಓದಿ ವೈಷ್ಣವಿಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಕುಗ್ಗಿದಳು.

ಚಟ್ನಿಪುಡಿ ಕೊಂಡವರಿಗೆಲ್ಲ ಅವಳು ನಿಜ ಬರೆದು ಕಳಿಸಿದಳು. ಒಬ್ಬರು ಪುಡಿ ಚೆನ್ನಾಗಿತ್ತು ಎಂದರು, ಒಬ್ಬರು ಮೋಸವೆಂದರು, ಹೆಚ್ಚಿನವರು ಉತ್ತರಿಸಲಿಲ್ಲ. ರುಕ್ಮಿಣಿಗೆ ಮಾತ್ರ ಬರೆಯಲು ಕೈ ಬರಲಿಲ್ಲ.

“ಆಕಿಗೆ ಎದುರಿಗೆ ಹೋಗಿ ಹೇಳೂಣು,” ಎಂದರು ಮಹಾದೇವಕ್ಕ. “ನಾನೂ ಬರ್ತೀನಿ.”

ಅಲ್ಲಿಗೆ ಹೋಗಬೇಕೆಂದರೆ ಕಾರು ಓಡಿಸುವ ಶರಣ್‌ಗೂ ಹೇಳಬೇಕು. ಹೇಳಿದಾಗ ಅವನು ಸಿಟ್ಟು ಮಾಡಲಿಲ್ಲ. “ಕೆಲಸ ಇಲ್ಲಂತ ನಿನಗ ಬ್ಯಾಸರ ಇತ್ತು, ಗೊತ್ತದ. ಆದರ ನಮ್ಮಪ್ಪನ್ನ?” ಎಂದು ಅರ್ಧಕ್ಕೆ ನಿಲ್ಲಿಸಿ ಕಿಟಕಿಯಾಚೆ ನೋಡಿದ. ಭಾನುವಾರ ಆಮ್ಸ್ಟೆಲ್‌ವೀನ್ ತನಕ ಕಾರು ಓಡಿಸಿದ.

ಮಹಾದೇವಕ್ಕನನ್ನು ಕಂಡು ರುಕ್ಮಿಣಿಗೆ ಖುಷಿಯಾಯಿತು. ಒಳಗೆ ಕರೆಯುವ ಹಾಗಿಲ್ಲವೆಂದು ಮನೆ ಮುಂದಿನ ಬೆಂಚು ಒರೆಸಿ ಕೊಟ್ಟಳು. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ವೈಷ್ಣವಿ, “ಅತ್ತೀ, ನಾನ ಹೇಳ್ತೀನ್ರಿ,” ಎಂದು ಮುಂದೆ ಬಂದಳು. ನಿಂತುಕೊಂಡೇ ಹೇಳಿದಳು. ವೆಬ್‌ಸೈಟ್ ಕಲಿಯುವ ತರಗತಿಗೆಂದು ಕಥೆ ತಾನು ಕಟ್ಟಿದ್ದು, ಮಾವ ವಿಜಯಪುರದಲ್ಲಿದ್ದಾರೆ, ಅತ್ತೆಗೆ ಅದೊಂದೂ ಗೊತ್ತಿರಲಿಲ್ಲ.

“ಇದ್ದಾರಾ?” ಎಂದಳು ರುಕ್ಮಿಣಿ. “ಒಳ್ಳೆದಾಯ್ತಲ್ಲ, ಇದ್ದಾರಲ್ಲ.” ಮೊದಲು ಬಾಯಿಗೆ ಬಂದದ್ದು ಅದು. ಆಮೇಲೆ ಅವಳ ಮುಖ ಬದಲಾಯಿತು. “ನಾನು ಅಮ್ಮನಿಗೆ ಎಲ್ಲ ಹೇಳಿಬಿಟ್ಟಿದ್ದೇನೆ. ಮೊನ್ನೆ ಕುಂಕುಮ ಇಟ್ಕೊಂಡು ವಿಡಿಯೋದಲ್ಲಿ ತೋರಿಸಿದ್ರು. ಅಲ್ಲಿ ಒಬ್ಬರು ಇದ್ದಾರಲ್ಲ ನನ್ನ ಹಾಗೆ, ಅಂದ್ರು. ಈಗ ನಾನು ಅವರಿಗೆ ಎಂತ ಹೇಳುದು?”

“ಕ್ಷಮಿಸಿ...”

“ನೀವು ಕಲೀಲಿಕ್ಕೆ ಹೊರಟದ್ದು ವೆಬ್‌ಸೈಟ್ ಮಾಡ್ಲಿಕ್ಕೆ ಅಲ್ವಾ?”

ವೈಷ್ಣವಿ ತಲೆ ತಗ್ಗಿಸಿದಳು. ಪಕ್ಕದ ಮನೆಯ ಕಿಟಕಿಯಲ್ಲಿ ಯಾರೋ ನೋಡುತ್ತಿದ್ದರು.

“ನಂದೂ ತಪ್ಪದ ತಂಗಿ,” ಎಂದರು ಮಹಾದೇವಕ್ಕ. “ಬಾಗಿಲದಾಗ ನಾನ ಹೇಳಬೇಕಿತ್ತು.”

“ನಿಮ್ಮ ಮೇಲೆ ನನಗೆ ಕೋಪ ಇಲ್ಲ ಅಮ್ಮ,” ಎಂದಳು ರುಕ್ಮಿಣಿ. ಅವರಿಗೆ ಕೈಮುಗಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ವೈಷ್ಣವಿಯ ಕಡೆ ತಿರುಗಲಿಲ್ಲ.

ಕೋರ್ಸ್ ಮುಗಿಯಿತು. ಪ್ರಮಾಣಪತ್ರ ಇಮೇಲಿಗೆ ಬಂತು. ಶರಣ್ “ಅಭಿನಂದನೆ” ಎಂದ, ಮಾಮೂಲಿನಂತೆಯೇ. ಅತ್ತೆ ಪಾಯಸ ಮಾಡಿದರು. ನಡೆದದ್ದನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತೆಂದು ವೈಷ್ಣವಿಗೆ ಅನ್ನಿಸುತ್ತಿತ್ತು. ಇಂಡಿಯನ್ ಅಂಗಡಿಯಲ್ಲಿ ಪರಿಚಯದವರು ಕಂಡರೆ, ಇವರಿಗೂ ಗೊತ್ತಾಗಿದೆಯೇನೋ ಎಂದು ಬೇಳೆಯ ಸಾಲಿನ ಹಿಂದೆ ಸರಿದು ನಿಲ್ಲುತ್ತಿದ್ದಳು. ಮಾಸ್ಕ್ ಇದ್ದದ್ದು ಒಳ್ಳೆಯದೇ ಆಗಿತ್ತು.

ಜೂನ್ ಕೊನೆಗೆ ಅವಳ ಫೋನಿಗೆ ರುಕ್ಮಿಣಿಯಿಂದ ಒಂದು ಧ್ವನಿಸಂದೇಶ ಬಂತು. ಎಲ್ಲರೂ ಊಟಕ್ಕೆ ಕೂತಿದ್ದರು. ಅವಳು ಹಾಗೆಯೇ ಹಾಕಿದಳು. “ಇದು ವೈಷ್ಣವಿಯವರಿಗೆ ಅಲ್ಲ, ಅಮ್ಮನಿಗೆ. ನನ್ನ ಅಮ್ಮನಿಗೆ ನಿಜ ಹೇಳಿದೆ. ಎರಡು ದಿನ ಫೋನ್ ತೆಗೀಲಿಲ್ಲ. ಈಗ ಮಾತಾಡ್ತಿದ್ದಾರೆ. ಅಡಿಗೆ ಕೇಳಿದ್ರೆ ಬೈತಾರೆ, ಆದರೆ ಹೇಳಿಕೊಡ್ತಾರೆ. ನಿಮಗೆ ಹೇಳ್ಬೇಕು ಅನ್ನಿಸ್ತು.”

ಮಹಾದೇವಕ್ಕ ಇನ್ನೊಂದು ಸಲ ಹಾಕಿಸಿ ಕೇಳಿ, “ಉಣಲಿ ಪಾಪ,” ಎಂದರು. ವೈಷ್ಣವಿ ಉತ್ತರ ಬರೆಯಲಿಲ್ಲ. ಸಂದೇಶ ಅವಳಿಗೆ ಬಂದದ್ದಲ್ಲ.

ಜುಲೈನಲ್ಲಿ ವಿಶೇಷ ವಿಮಾನವೊಂದರಲ್ಲಿ ಮಹಾದೇವಕ್ಕನಿಗೆ ಜಾಗ ಸಿಕ್ಕಿತು. ಪೆಟ್ಟಿಗೆ ಕಟ್ಟುವ ದಿನ ವೈಷ್ಣವಿ ಕೇಳಿದಳು: “ಮಾವಗ ಹೇಳ್ತೀರೇನ್ರಿ?”

“ಅದು ನೀ ಹೇಳೂದದ,” ಎಂದರು ಸೀರೆ ಮಡಚುತ್ತ.

ಅವರು ಊರು ಮುಟ್ಟಿ, ಕ್ವಾರಂಟೈನಿನ ದಿನಗಳೆಲ್ಲ ಕಳೆದ ಮೇಲೆ ವೈಷ್ಣವಿ ಮಾವನಿಗೆ ತಾನೇ ಕರೆ ಮಾಡಿದಳು. ನಾಗಪ್ಪನವರು ಕಿವಿಗೊಟ್ಟು ಎಲ್ಲ ಕೇಳಿದರು. ಆಮೇಲೆ ಜೋರಾಗಿ ನಕ್ಕರು. “ಅಲ್ಲವಾ, ಯಾವ ರೋಗದ್ಲೆ ಸಾಯಿಸಿದ್ದಿ ನನ್ನ? ಅದನ್ನರ ಚೊಲೊ ಇರೂದನ್ನ ಆರಿಸಿದ್ದಿಲ್ಲೋ?” ಕೆಮ್ಮು ಬರುವ ತನಕ ನಕ್ಕರು.

ವೈಷ್ಣವಿಗೆ ನಗು ಬರಲಿಲ್ಲ. ಪರದೆಯಲ್ಲಿ ಮಾವನ ಭುಜದ ಹಿಂದೆ ಮಹಾದೇವಕ್ಕ ಕಾಳು ಆರಿಸುತ್ತ ಕೂತಿದ್ದರು. ಅವರೂ ನಗಲಿಲ್ಲ. ನಗು ನಿಂತ ಮೇಲೆ ನಾಗಪ್ಪನವರು ಫೋನನ್ನು ಹೆಂಡತಿಯ ಕೈಗೆ ಕೊಟ್ಟರು.

“ಸ್ವಪ್ನಾನ ಸಾಲಿ ಯಾವಾಗ ಸುರು?” ಎಂದು ಕೇಳಿದರು ಮಹಾದೇವಕ್ಕ.

“ಮುಂದಿನ ವಾರ ರೀ ಅತ್ತೀ,” ಎಂದಳು ವೈಷ್ಣವಿ.